ಪಟ್ಟಿ ಪ್ರಿಂಟ್ ಆದ ಮಾತ್ರಕ್ಕೆ ಲೆಕ್ಕ ಸೇರಿತು ಅಂತ ನಂಬಬೇಡಿ

ಮಂಡಿ, ಅಂಗಡಿ, ಹಾಲಿನ ಡೈರಿ, ಎಲ್ಲೇ ಆಗಲಿ, ಒಂದಕ್ಕಿಂತ ಜಾಸ್ತಿ ಕಂಪ್ಯೂಟರ್‌ಗಳಿಂದ ಒಂದೇ ಲೆಕ್ಕದ ಫೈಲ್‌ಗೆ ಬರೆಯುವ ಪೈಥಾನ್ ಪ್ರೋಗ್ರಾಂ ಬಳಸುತ್ತಿದ್ದರೆ ಇದನ್ನು ಪೂರ್ತಿ ಓದಿ. ಕೋಲಾರದ ಎಪಿಎಂಸಿಯಲ್ಲಿ ನಮ್ಮ ಸೋದರಮಾವನ ಟೊಮೊಟೊ ಮಂಡಿ ಇದೆ. ಅಲ್ಲಿ ಆದದ್ದು ಇನ್ನೊಬ್ಬರಿಗೆ ಆಗಬಾರದು.

ಪ್ರೋಗ್ರಾಂ ಮಾಡಿಕೊಟ್ಟವರು ಹೊರಗಿನವರು. ಹೆಸರು ಬೇಡ. ಮಾವನ ಕಂಪ್ಯೂಟರ್‌ನ ಶೇರ್ಡ್ ಫೋಲ್ಡರ್‌ನಲ್ಲಿ ಒಂದು ಎಸ್‌ಕ್ಯೂಲೈಟ್ ಫೈಲ್, ಅಂದರೆ ಇಡೀ ಲೆಕ್ಕ ಒಂದೇ ಫೈಲ್‌ನಲ್ಲಿರುವ ಸಣ್ಣ ಡೇಟಾಬೇಸ್, ಇಟ್ಟಿದ್ದರು. ಹರಾಜಿನ ಲೆಕ್ಕ ಹತ್ತಿಸುವ ಕಂಪ್ಯೂಟರ್ ಬೇರೆ, ದುಡ್ಡು ಕೊಡುವ ಕೌಂಟರ್‌ನದು ಬೇರೆ, ಎಲ್ಲವೂ ಆ ಫೈಲ್‌ಗೇ ಬರೆಯುತ್ತಿದ್ದವು. ಮಾಲು ಕಮ್ಮಿ ಇರುವಾಗ ಏನೂ ಗೊತ್ತಾಗಲಿಲ್ಲ. ಸೀಸನ್ ಶುರುವಾಗಿ ಬಾಕ್ಸ್‌ಗಳು ಸಾಲುಸಾಲಾಗಿ ಇಳಿಯತೊಡಗಿದ ಮೇಲೆ 'ಡೇಟಾಬೇಸ್ ಈಸ್ ಲಾಕ್ಡ್' ಅಂತ ಬರಲು ಶುರುವಾಯಿತು. ಫೋನ್ ಮಾಡಿದರೆ "ಒಂದ್ಸಲ ರೀಸ್ಟಾರ್ಟ್ ಮಾಡಿ ಸಾರ್" ಅನ್ನುವುದು ಅವರ ಉತ್ತರ. ಆಮೇಲೆ ಒಂದು ಅಪ್‌ಡೇಟ್ ಕಳಿಸಿದರು. ಮೆಸೇಜ್ ನಿಂತಿತು. ಮಾವನಿಗೂ ಸಮಾಧಾನವಾಯಿತು.

ಆದರೆ ಶ್ರೀನಿವಾಸಪುರ ಕಡೆಯ ರೈತರೊಬ್ಬರು ಪಟ್ಟಿ (ಮಾಲು ಮಾರಿದ ಲೆಕ್ಕದ ಚೀಟಿ) ಹಿಡಿದು ದುಡ್ಡಿಗೆ ಬಂದಾಗ ಕಂಪ್ಯೂಟರ್‌ನಲ್ಲಿ ಆ ಪಟ್ಟಿಯೇ ಇಲ್ಲ. "ಏನಣ್ಣಾ, ಚೀಟಿ ಕೊಟ್ಟಿದ್ದು ನೀವೇ. ಈಗ ಲೆಕ್ಕದಲ್ಲಿ ಇಲ್ಲ ಅಂತೀರಾ?" ಅಂದರು. ಅವರು ಕೇಳಿದ್ದು ನ್ಯಾಯವೇ. ಹರಾಜಿನ ಪುಸ್ತಕದಲ್ಲಿ ಪೆನ್ನಿನಲ್ಲಿ ಬರೆದದ್ದು ಇತ್ತು, ಅದರಿಂದ ಮಾವನ ಮರ್ಯಾದೆ ಉಳಿಯಿತು. ಪುಸ್ತಕ ತೆಗೆದು ನೋಡುತ್ತಾ ಹೋದರೆ ಕಾಣೆಯಾದ ಪಟ್ಟಿ ಅದೊಂದೇ ಅಲ್ಲ. 2023ರ ಜುಲೈನಲ್ಲಿ ಇದೇ ಕೋಲಾರದಲ್ಲಿ 15 ಕೆಜಿ ಬಾಕ್ಸ್ 2,000 ರೂಪಾಯಿ ದಾಟಿತ್ತು. ಅಂಥ ಬೆಲೆ ಇರುವಾಗ ಒಂದು ಪಟ್ಟಿ ಕಾಣೆಯಾದರೆ ರೈತನ ಇಡೀ ಬೆಳೆಯ ಖರ್ಚೇ ಹೋದ ಹಾಗೆ.

ನಾನು ಪೈಥಾನ್‌ನಲ್ಲೇ ಕೆಲಸ ಮಾಡುವವನು. ಕೋಡ್ ತೆಗೆದು ನೋಡಿದರೆ ಹೊಟ್ಟೆ ಉರಿಯಿತು. ಅಪ್‌ಡೇಟ್‌ನಲ್ಲಿ ಅವರು ಮಾಡಿದ್ದು ಇಷ್ಟೇ: ಸೇವ್ ಮಾಡುವ ಜಾಗಕ್ಕೆ ಟ್ರೈ ಹಾಕಿ, ಕೆಳಗೆ ಎಕ್ಸೆಪ್ಟ್, ಪಾಸ್ ಅಂತ ಬರೆದಿದ್ದರು, ಅಂದರೆ ತಪ್ಪಾದರೆ ಸುಮ್ಮನೆ ಮುಂದಕ್ಕೆ ಹೋಗು ಅಂತ. ಎರರ್ ಬಂದರೂ ಪ್ರೋಗ್ರಾಂ ಬಾಯಿ ಬಿಡುವುದಿಲ್ಲ, ಲೆಕ್ಕ ಸೇರದಿದ್ದರೂ ಪಟ್ಟಿ ಪ್ರಿಂಟ್ ಆಗುತ್ತದೆ. ಡೇಟಾಬೇಸ್ ನಿಜ ಹೇಳುತ್ತಿತ್ತು, ಅದರ ಬಾಯಿ ಮುಚ್ಚಿಸಿದರು. ಇದನ್ನು ನಾನು ಸಣ್ಣ ತಪ್ಪು ಅಂತ ಒಪ್ಪುವುದಿಲ್ಲ.

ಲಾಕ್ ಯಾಕೆ ಆಗುತ್ತಿತ್ತು ಅನ್ನುವುದೂ ಅಲ್ಲೇ ಇತ್ತು. ಎಸ್‌ಕ್ಯೂಲೈಟ್‌ನಲ್ಲಿ ಎಷ್ಟು ಜನ ಬೇಕಾದರೂ ಒಟ್ಟಿಗೆ ಓದಬಹುದು, ಬರೆಯುವುದು ಮಾತ್ರ ಒಂದು ಸಲಕ್ಕೆ ಒಬ್ಬರೇ. ಪೈಥಾನ್‌ನ ಎಸ್‌ಕ್ಯೂಲೈಟ್3 ಮಾಡ್ಯೂಲ್ ಸುಮ್ನೆ ಬಿಟ್ಟರೆ 5 ಸೆಕೆಂಡ್ ಕಾಯುತ್ತದೆ, ಆಮೇಲೆ ಲಾಕ್ಡ್ ಅನ್ನುತ್ತದೆ. ಒಂದು ಪಟ್ಟಿ ಬರೆಯಲು ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ, ಹಾಗಾಗಿ 5 ಸೆಕೆಂಡ್ ಧಾರಾಳ ಸಾಕು. ಆದರೆ ಈ ಪುಣ್ಯಾತ್ಮರು ಇನ್ಸರ್ಟ್ ಮಾಡಿ (ಲೆಕ್ಕ ಬರೆಯಲು ಶುರುಮಾಡಿ), ಪಟ್ಟಿ ಪ್ರಿಂಟ್ ಮಾಡಿ, ರೈತರ ಮೊಬೈಲ್‌ಗೆ ಮೆಸೇಜ್ ಕಳಿಸಿ, ಅದೆಲ್ಲ ಮುಗಿದ ಮೇಲೆ ಕಮಿಟ್ ಮಾಡುತ್ತಿದ್ದರು, ಅಂದರೆ ಬರೆದದ್ದನ್ನು ಖಾಯಂ ಮಾಡುತ್ತಿದ್ದರು. ನೆಟ್ ನಿಧಾನವಾದರೆ ಅಷ್ಟು ಹೊತ್ತೂ ಫೈಲ್ ಒಬ್ಬರ ಹಿಡಿತದಲ್ಲಿ. ಉಳಿದವರ ಬರಹ ಬಿದ್ದುಹೋಗುತ್ತಿತ್ತು. ಕಮಿಟ್ ಮೊದಲು ಆಗಬೇಕು. ಪ್ರಿಂಟ್, ಮೆಸೇಜ್ ಎಲ್ಲ ಆಮೇಲೆ.

ಲಾಕ್ಡ್ ಎರರ್ ಬಂದಾಗ ಒಂದು ವಿಷಯ ಗಮನಿಸಿ. ಸ್ವಲ್ಪ ಹೊತ್ತು ಕಾದು ಬಂದಿತೋ, ಬಟನ್ ಒತ್ತಿದ ತಕ್ಷಣ ಬಂದಿತೋ? ಕಾದು ಬಂದರೆ ಯಾರೋ ಟ್ರಾನ್ಸಾಕ್ಷನ್ (ಶುರುವಾಗಿ ಇನ್ನೂ ಕಮಿಟ್ ಆಗದ ಕೆಲಸ) ತೆರೆದಿಟ್ಟು ಕೂತಿದ್ದಾರೆ, ಅವರನ್ನು ಹುಡುಕಿ. ತಕ್ಷಣ ಬಂದರೆ ಟೈಮ್‌ಔಟ್, ಅಂದರೆ ಕಾಯುವ ಹೊತ್ತು, 5ರಿಂದ 30 ಸೆಕೆಂಡ್ ಮಾಡಿದರೂ ಬಹುಶಃ ಉಪಯೋಗವಿಲ್ಲ. ಬರಿ ಬಿಗಿನ್ ಅಂತ ಶುರುಮಾಡಿ, ಮೊದಲು ಓದಿ, ಅದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಲು ಹೋದಾಗ ಹೀಗಾಗುತ್ತದೆ. ಓದಿದ ಇಬ್ಬರೂ ಬರೆಯಬೇಕೆಂದು ಒಬ್ಬರಿಗೊಬ್ಬರು ಕಾದು ಕೂತರೆ ಯಾವತ್ತೂ ಮುಗಿಯುವುದಿಲ್ಲ ಅಂತ ಎಸ್‌ಕ್ಯೂಲೈಟ್ ಒಬ್ಬರನ್ನು ಆಗಲೇ ವಾಪಸ್ ಕಳಿಸುತ್ತದೆ. ಬರೆಯುವ ಉದ್ದೇಶ ಇದ್ದರೆ ಬಿಗಿನ್ ಇಮ್ಮೀಡಿಯೆಟ್ ಅಂತಲೇ ಶುರುಮಾಡಿ. ಆಗ ಮೊದಲಲ್ಲೇ ಸರದಿ ನಿಲ್ಲುತ್ತಾರೆ, ಟೈಮ್‌ಔಟ್ ಕೆಲಸ ಮಾಡುತ್ತದೆ.

ವಾಲ್ (WAL) ಮೋಡ್ ಹಾಕಿ, ಅಂದರೆ ಬದಲಾವಣೆಗಳನ್ನು ಮೊದಲು ಪಕ್ಕದ ಫೈಲ್‌ಗೆ ಬರೆಯುವ ಎಸ್‌ಕ್ಯೂಲೈಟ್‌ನ ಸೆಟ್ಟಿಂಗ್ ಹಾಕಿ, ಅಂತ ಬಹಳ ಜನ ಸಲಹೆ ಕೊಟ್ಟರು. ಅದು 2010ರಿಂದ ಇದೆ, ಒಳ್ಳೆಯದೇ. ಒಬ್ಬರು ಬರೆಯುವಾಗ ಉಳಿದವರು ಆರಾಮಾಗಿ ಓದಬಹುದು. ಆದರೆ ಎಲ್ಲ ಪ್ರೋಗ್ರಾಂಗಳೂ ಒಂದೇ ಕಂಪ್ಯೂಟರ್‌ನಲ್ಲಿ ಇರಬೇಕು, ಶೇರ್ಡ್ ಫೋಲ್ಡರ್‌ಗೆ ಅದು ನಡೆಯುವುದಿಲ್ಲ. ವಾಲ್ ಬಿಡಿ, ನೆಟ್‌ವರ್ಕ್ ಮೂಲಕ ಫೈಲ್ ಲಾಕ್ ಮಾಡುವುದನ್ನೇ ನಂಬಬೇಡಿ ಅಂತ ಎಸ್‌ಕ್ಯೂಲೈಟ್ ಮಾಡಿದವರೇ ಬರೆದಿದ್ದಾರೆ. ಫೈಲೇ ಕೆಟ್ಟುಹೋಗಬಹುದು. ಇನ್ನು ಬ್ಯಾಕಪ್ ಅಂತ ಪ್ರೋಗ್ರಾಂ ಓಡುತ್ತಿರುವಾಗ ಫೈಲನ್ನು ಪೆನ್ ಡ್ರೈವ್‌ಗೆ ಕಾಪಿ ಹೊಡೆಯುವುದನ್ನು ಇವತ್ತೇ ನಿಲ್ಲಿಸಿ. ಪೈಥಾನ್ 3.7ರಿಂದ ಕನೆಕ್ಷನ್‌ನಲ್ಲೇ ಬ್ಯಾಕಪ್ ಅನ್ನುವ ಮೆಥಡ್ ಇದೆ, ಅದನ್ನೇ ಬಳಸಿ.

ಕಾಣೆಯಾದ ಪಟ್ಟಿಗಳಾದರೂ ಕೊನೆಗೆ ಕಣ್ಣಿಗೆ ಬಿದ್ದವು. ನನಗೆ ನಿಜವಾಗಿ ಭಯ ಹುಟ್ಟಿಸಿದ್ದು ಯಾವ ಎರರ್ರೂ ಕೊಡದ ಇನ್ನೊಂದು ದೋಷ. ರೈತರಿಗೆ ಕೊಟ್ಟ ಅಡ್ವಾನ್ಸ್ ಲೆಕ್ಕ ಹೀಗಿತ್ತು: ಬಾಕಿ ಎಷ್ಟಿದೆ ಅಂತ ಓದುವುದು, ಪೈಥಾನ್‌ನಲ್ಲಿ ಕೂಡಿ ಕಳೆದು, ಹೊಸ ಮೊತ್ತ ಬರೆಯುವುದು. ಉದಾಹರಣೆಗೆ ಬಾಕಿ 40,000 ಅಂತಿಟ್ಟುಕೊಳ್ಳಿ. ಹರಾಜಿನ ಕಡೆಯವರು 12,000 ವಜಾ ಮಾಡಲು 40,000 ಓದುತ್ತಾರೆ. ಅದೇ ಹೊತ್ತಿಗೆ ಕೌಂಟರ್‌ನವರು 5,000 ಹೊಸ ಅಡ್ವಾನ್ಸ್ ಕೊಟ್ಟು, ಅವರೂ 40,000 ಓದುತ್ತಾರೆ. ಮೊದಲಿನವರು 28,000 ಬರೆದರು. ಅದರ ಮೇಲೆ ಕೌಂಟರ್‌ನವರು 45,000 ಬರೆದರು. ಸರಿಯಾಗಿ 33,000 ಇರಬೇಕಿತ್ತು. ರೈತನ 12,000 ಎಲ್ಲಿಗೆ ಹೋಯಿತು? ಲಾಕ್ ಇಲ್ಲ, ಎರರ್ ಇಲ್ಲ, ಯಾರಿಗೂ ಗೊತ್ತಿಲ್ಲ.

ದೊಡ್ಡ ಡೇಟಾಬೇಸ್ ಹಾಕಿದರೆ ಇದು ತಾನಾಗೇ ಹೋಗುತ್ತದೆ ಅಂದುಕೊಳ್ಳಬೇಡಿ. ನಾವು ಈಗ ಪೋಸ್ಟ್‌ಗ್ರೆಸ್ ಅನ್ನುವ ದೊಡ್ಡ ಡೇಟಾಬೇಸ್‌ಗೆ ಬಂದಿದ್ದೇವೆ. ಅಲ್ಲೂ ಮಾಮೂಲಿ ಸೆಟ್ಟಿಂಗ್‌ನಲ್ಲಿ ಇದೇ ಕೋಡ್ ಇದೇ ತಪ್ಪು ಮಾಡುತ್ತದೆ. ಕೂಡಿ ಕಳೆಯುವುದನ್ನು ಅಪ್‌ಡೇಟ್ ವಾಕ್ಯದೊಳಗೇ ಮಾಡಿಸಬೇಕು, ಅಂದರೆ ಬಾಕಿ ಈಗ ಎಷ್ಟಿದೆಯೋ ಅದರಲ್ಲೇ 12,000 ಕಳೆ ಅಂತ ಡೇಟಾಬೇಸ್‌ಗೇ ಹೇಳಬೇಕು. ಓದಲೇಬೇಕಾದ ಕಡೆ ಸೆಲೆಕ್ಟ್ ಫಾರ್ ಅಪ್‌ಡೇಟ್ (ಓದುವಾಗಲೇ ಆ ಸಾಲಿಗೆ ಲಾಕ್ ಹಾಕುವುದು) ಹಾಕಬೇಕು. ಪಟ್ಟಿ ನಂಬರ್ ಕಾಲಂಗೆ ಯೂನಿಕ್ (ಒಂದೇ ನಂಬರ್ ಎರಡು ಸಲ ಬಾರದ ನಿಯಮ) ಹಾಕಿ, ಇಲ್ಲದಿದ್ದರೆ ಇಬ್ಬರು ರೈತರಿಗೆ ಒಂದೇ ನಂಬರ್ ಹೋಗುತ್ತದೆ.

ಪೋಸ್ಟ್‌ಗ್ರೆಸ್‌ಗೆ ಹೋದವರು ಕನೆಕ್ಷನ್ ಮುಚ್ಚುವುದನ್ನೂ ನೋಡಿಕೊಳ್ಳಿ. ಪೈಥಾನ್‌ನಿಂದ ಪೋಸ್ಟ್‌ಗ್ರೆಸ್‌ಗೆ ಸೇರಿಸುವ ಸೈಕೋಪಿಜಿ2 ಲೈಬ್ರರಿಯಲ್ಲಿ ಕನೆಕ್ಷನ್‌ನ ವಿತ್ ಬ್ಲಾಕ್ ಮುಗಿದರೆ ಕಮಿಟ್ ಆಗುತ್ತದೆ ಅಷ್ಟೇ, ಕನೆಕ್ಷನ್ ಮುಚ್ಚುವುದಿಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಒಟ್ಟಿಗೆ ತೆರೆದಿರಬಹುದಾದ ಕನೆಕ್ಷನ್‌ಗಳ ಮಾಮೂಲಿ ಮಿತಿ 100. ಮೀರಿದರೆ 'ಟೂ ಮೆನಿ ಕ್ಲೈಂಟ್ಸ್' ಅಂತ ಹೊಸಬರನ್ನು ಒಳಗೇ ಬಿಡುವುದಿಲ್ಲ. ಪೂಲ್ ಬಳಸಿ, ಅಂದರೆ ಕೆಲವೇ ಕನೆಕ್ಷನ್‌ಗಳನ್ನು ಇಟ್ಟುಕೊಂಡು ಮತ್ತೆ ಮತ್ತೆ ಬಳಸಿ.

ಹೊಸ ಪ್ರೋಗ್ರಾಂ ತಗೊಳ್ಳುವವರು ಮಾಡಿಕೊಟ್ಟವರ ಎದುರೇ ಒಂದು ಪರೀಕ್ಷೆ ಮಾಡಿಸಿ. ಒಂದು ಖಾಲಿ ಖಾತೆ ತೆರೆಯಿರಿ. ಎರಡು ಕಂಪ್ಯೂಟರ್‌ಗಳಿಂದ ಒಂದೇ ಸಮಯಕ್ಕೆ, ಪ್ರತಿಯೊಂದೂ ಆ ಖಾತೆಗೆ ಒಂದೊಂದೇ ರೂಪಾಯಿಯಂತೆ 1,000 ಸಲ ಜಮಾ ಮಾಡುವ ಹಾಗೆ ಸ್ಕ್ರಿಪ್ಟ್ ಓಡಿಸಲಿ. ಆಮೇಲೆ ಖಾತೆ ತೆಗೆದು ನೋಡಿ. 2,000 ಇರಬೇಕು. 1,999 ಇದ್ದರೂ ಆ ಪ್ರೋಗ್ರಾಂಗೆ ದುಡ್ಡು ಕೊಡಬೇಡಿ.