ತಾಮ್ರದ ಬ್ರಿಕಿ: ಕೆಲವು ವರ್ಷಗಳ ಬಳಕೆಯ ನಂತರ

ಗ್ರೀಕ್ ಕಾಫಿ ಕಾಯಿಸುವ ಉದ್ದ ಹಿಡಿಯ ಪುಟ್ಟ ಪಾತ್ರೆಗೆ ಗ್ರೀಸಿನಲ್ಲಿ ‘ಬ್ರಿಕಿ’ ಎನ್ನುತ್ತಾರೆ. ಅಥೆನ್ಸಿನ ಅಥಿನಾಸ್ ಬೀದಿಯಲ್ಲಿ ಕೊಂಡ, ಒಳಗೆ ಕಲಾಯಿ ಹಾಕಿದ ಎರಡು ಕಪ್ಪಿನ ಬ್ರಿಕಿಯೊಂದು ನಮ್ಮ ಮನೆಯಲ್ಲಿ ಕೆಲವು ವರ್ಷಗಳಿಂದ ದಿನನಿತ್ಯ ಬಳಕೆಯಲ್ಲಿದೆ. ಅಂಗಡಿಯ ಚೀಟಿಯಲ್ಲಿ ಈ ಹೆಸರನ್ನು ಹುಡುಕುವವರು ಒಂದು ವಿಷಯವನ್ನು ತಿಳಿದಿರಬೇಕು: ಗ್ರೀಕರ ‘ಬೀಟಾ’ ಅಕ್ಷರದ ಇಂದಿನ ಉಚ್ಚಾರ ‘ವ’ ಆಗಿರುವುದರಿಂದ, ‘ಬ’ ಧ್ವನಿಗಾಗಿ ‘ಮ’ ಮತ್ತು ‘ಪ’ ಅಕ್ಷರಗಳನ್ನು ಜೊತೆಯಾಗಿ ಬರೆಯುತ್ತಾರೆ. ಪದವು ತುರ್ಕಿಯ ‘ಇಬ್ರಿಕ್’ನಿಂದ ಬಂದದ್ದು, ಆದರೆ ತುರ್ಕರು ಇದೇ ಪಾತ್ರೆಯನ್ನು ‘ಜೆಜ್ವೆ’ ಎಂದು ಕರೆಯುತ್ತಾರೆ, ಅವರ ಇಬ್ರಿಕ್ ಕೊಂಬಿರುವ ಹೂಜಿ.

ಪಾತ್ರೆಯ ಗುಣವೆಲ್ಲ ಅದರ ಕಿರಿದಾದ ಕತ್ತಿನಲ್ಲಿದೆ. ಕುಡಿಯುವ ಕಪ್ಪಿನಿಂದಲೇ ತಣ್ಣೀರನ್ನು ಅಳೆದು ಹಾಕಿ, ಹಿಟ್ಟಿನಷ್ಟು ನುಣ್ಣಗಿನ ಪುಡಿಯನ್ನೂ ಬೇಕಿದ್ದರೆ ಸಕ್ಕರೆಯನ್ನೂ ಮೊದಲೇ ಬೆರೆಸಿ ಸಣ್ಣ ಉರಿಯಲ್ಲಿಟ್ಟರೆ, ಅಂಚಿನಲ್ಲಿ ಕಟ್ಟಿದ ಕಂದು ಬಳೆ ಮೆಲ್ಲಗೆ ಒಳಮುಖವಾಗಿ ಮುಚ್ಚಿಕೊಂಡು, ‘ಕೈಮಾಕಿ’ ಎಂಬ ನೊರೆಯಾಗಿ ಮೇಲೇರುತ್ತದೆ. ಅದು ಕುದಿದು ಒಡೆಯುವ ಮುನ್ನ ಇಳಿಸಬೇಕು. ನಮ್ಮ ಫಿಲ್ಟರ್ ಕಾಫಿಯ ತರಿತರಿ ಪುಡಿ ಇದಕ್ಕೆ ಹೊಂದುವುದಿಲ್ಲ.

ಕೊರತೆಗಳೂ ಇವೆ. ತಳ ಚಿಕ್ಕದಾದ್ದರಿಂದ ದೊಡ್ಡ ಗ್ಯಾಸ್ ಒಲೆಯ ಮೇಲೆ ಪಾತ್ರೆ ವಾಲುತ್ತದೆ. ಇದಕ್ಕೆಂದೇ ಗ್ರೀಸಿನ ಅನೇಕ ಮನೆಗಳಲ್ಲಿ ‘ಗಜಾಕಿ’ ಎಂಬ ಪುಟ್ಟ ಗ್ಯಾಸ್ ಒಲೆ ಇರುತ್ತದೆ. ಒಳಗಿನ ಕಲಾಯಿ ತಳದ ಅಂಚಿನಲ್ಲಿ ಸವೆದು ತಾಮ್ರದ ಕೆಂಪು ಕಾಣಿಸಿಕೊಂಡಾಗ ಮತ್ತೆ ಕಲಾಯಿ ಹಾಕಿಸಬೇಕಾಯಿತು. ತವರವು ಸುಮಾರು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ಖಾಲಿ ಬ್ರಿಕಿಯನ್ನು ಉರಿಯ ಮೇಲೆ ಇಡಲೇಬಾರದು. ಗ್ರೀಕರೂ ಆಡುಮಾತಿನಲ್ಲಿ ತವರವನ್ನು ‘ಕಲಾಯಿ’ ಎಂದೇ ಕರೆಯುವುದರಿಂದ ಕಲಾಯಿ ಹಾಕುವವನೊಡನೆ ಮಾತುಕತೆ ಸಲೀಸಾಯಿತು. ‘ಬ್ರಿಕಿಯಾ ಕೊಲಾಮೆ?’, ಅಂದರೆ ‘ನಾವೇನು ಬ್ರಿಕಿಗಳಿಗೆ ಬೆಸುಗೆ ಹಾಕುತ್ತ ಕೂತಿದ್ದೇವೆಯೇ?’, ಎಂಬುದು ತಮ್ಮ ಕೆಲಸವನ್ನು ಹಗುರವಾಗಿ ಕಂಡವರಿಗೆ ಗ್ರೀಕರು ಕೊಡುವ ಉತ್ತರ. ಕಲಾಯಿಯ ನಾಜೂಕುತನವನ್ನು ಕಂಡ ಮೇಲೆ ಆ ಗಾದೆ ನನಗೆ ಅನ್ಯಾಯವೆನಿಸುತ್ತದೆ.

ಇಂಡಕ್ಷನ್ ಒಲೆಯವರಿಗೆ ಬರಿಯ ತಾಮ್ರ ಪ್ರಯೋಜನಕ್ಕೆ ಬಾರದು. ಅವರು ಆಯಸ್ಕಾಂತ ಅಂಟುವ ತಳದ ಸ್ಟೀಲ್ ಬ್ರಿಕಿಯನ್ನು ಕೇಳಿ ಪಡೆಯಬೇಕು. ಆಗಾಗ ಅತಿಥಿಗಳು ಬರುವ ಮನೆಗೂ ಒಂದೇ ದೊಡ್ಡ ಬ್ರಿಕಿಗಿಂತ ಬೇರೆ ಬೇರೆ ಅಳತೆಯ ಎರಡು ಮೇಲು, ಏಕೆಂದರೆ ಅರ್ಧ ತುಂಬಿದ ಪಾತ್ರೆಯಲ್ಲಿ ನೊರೆ ಕತ್ತಿನವರೆಗೆ ಏರುವುದೇ ಇಲ್ಲ.