ಹಳೆಯ ಲ್ಯಾಪ್‌ಟಾಪಿಗೆ ಮೂರು ದಾರಿಗಳು: ವಿಂಡೋಸ್ 10, ವಿಂಡೋಸ್ 11, ಲಿನಕ್ಸ್ ಮಿಂಟ್

ವಿಂಡೋಸ್ 10ಕ್ಕೆ ಎಲ್ಲರಿಗೂ ತಾನಾಗಿ ಬರುತ್ತಿದ್ದ ಭದ್ರತಾ ಅಪ್‌ಡೇಟ್‌ಗಳು 2025ರ ಅಕ್ಟೋಬರ್ 14ಕ್ಕೆ ನಿಂತವು. ಚೆನ್ನಾಗಿ ನಡೆಯುತ್ತಿದ್ದರೂ ವಿಂಡೋಸ್ 11ರ ಅರ್ಹತಾ ಪಟ್ಟಿಯಲ್ಲಿ ಸೇರದ ಕಂಪ್ಯೂಟರ್ ಇಟ್ಟುಕೊಂಡವರಿಗೆ, ಹೊಸದನ್ನು ಕೊಳ್ಳುವುದನ್ನು ಬಿಟ್ಟರೆ ಉಳಿಯುವುದು ಮೂರು ಆಯ್ಕೆಗಳು: ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಗೆ ಸೇರಿ ವಿಂಡೋಸ್ 10ರಲ್ಲೇ ಇರುವುದು, ನಿರ್ಬಂಧವನ್ನು ದಾಟಿ ವಿಂಡೋಸ್ 11 ಹಾಕುವುದು, ಇಲ್ಲವೇ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಮ್‌ಗೆ ಹೋಗುವುದು. ಇಂಟೆಲ್‌ನ ಆರನೇ ತಲೆಮಾರಿನ ಐ5 ಪ್ರೊಸೆಸರ್ ಇರುವ ನನ್ನ ಲ್ಯಾಪ್‌ಟಾಪಿನಲ್ಲಿ ಈ ಮೂರನ್ನೂ ದಿನನಿತ್ಯದ ಕೆಲಸಕ್ಕೆ ಬಳಸಿ ನೋಡಿದ್ದೇನೆ. ಕೆಲಸವೆಂದರೆ ಕನ್ನಡ ಬರವಣಿಗೆ, ಬ್ರೌಸರ್, ಲೆಕ್ಕದ ಹಾಳೆಗಳು, ಆಗೊಮ್ಮೆ ಈಗೊಮ್ಮೆ ವಿಡಿಯೊ ಕರೆ.

ಹೋಲಿಕೆಗೆ ಮುನ್ನ ಒಂದು ಮಾತು. ಲ್ಯಾಪ್‌ಟಾಪಿನೊಂದಿಗೆ ಬಂದಿದ್ದ ತಿರುಗುವ ಹಾರ್ಡ್ ಡಿಸ್ಕನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿ, 4 ಜಿಬಿ ರ‍್ಯಾಮನ್ನು 8 ಜಿಬಿಗೆ ಏರಿಸಿದಾಗ ಸಿಕ್ಕ ವೇಗದ ಮುಂದೆ ಈ ಮೂರು ವ್ಯವಸ್ಥೆಗಳ ನಡುವಿನ ವೇಗದ ವ್ಯತ್ಯಾಸ ತೀರ ಚಿಕ್ಕದು. ಕಂಪ್ಯೂಟರ್ ನಿಧಾನವಾಗಿದೆ ಎಂಬ ಒಂದೇ ಕಾರಣಕ್ಕೆ ಆಪರೇಟಿಂಗ್ ಸಿಸ್ಟಮ್ ಬದಲಿಸಲು ಹೊರಟವರು ಮೊದಲು ಆ ಖರ್ಚನ್ನು ಮಾಡುವುದು ಒಳಿತು.

ವಿಂಡೋಸ್ 10ರಲ್ಲೇ ಉಳಿಯುವುದು ಮೂರರಲ್ಲಿ ಅತಿ ಸುಲಭ. 22ಎಚ್2 ಆವೃತ್ತಿಗೆ ಬಂದಿರುವ ಯಂತ್ರವನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ, ಸೆಟ್ಟಿಂಗ್‌ಗಳನ್ನು ಬ್ಯಾಕಪ್ ಮಾಡಲು ಒಪ್ಪಿದರೆ ಹಣ ಕೊಡದೆಯೇ ಯೋಜನೆಗೆ ಸೇರಬಹುದು. ಆದರೆ ಮನೆ ಬಳಕೆದಾರರಿಗೆಂದು ಕಂಪನಿ ಪ್ರಕಟಿಸಿದ ಈ ಯೋಜನೆಯ ಗಡುವು 2026ರ ಅಕ್ಟೋಬರ್ 13. ಸಿಗುವುದು ಭದ್ರತಾ ತೇಪೆಗಳೇ ಹೊರತು ಹೊಸ ಸೌಲಭ್ಯಗಳಲ್ಲ. ನಿರ್ಧಾರವನ್ನು ಮುಂದಕ್ಕೆ ಹಾಕಲು ಇದು ಗೌರವಯುತವಾದ ದಾರಿಯೆಂದೇ ನಾನು ಭಾವಿಸುತ್ತೇನೆ.

ವಿಂಡೋಸ್ 11ರ ವಿಚಾರ ಅಷ್ಟು ಸರಳವಲ್ಲ. ಅದು ಕೇಳುವುದು ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಘಟಕ), ಸೆಕ್ಯೂರ್ ಬೂಟ್ (ನಂಬಲರ್ಹ ತಂತ್ರಾಂಶದಿಂದಷ್ಟೇ ಯಂತ್ರ ಶುರುವಾಗುವಂತೆ ನೋಡಿಕೊಳ್ಳುವ ವ್ಯವಸ್ಥೆ) ಮತ್ತು ಇಂಟೆಲ್ ಆದರೆ ಬಹುಮಟ್ಟಿಗೆ ಎಂಟನೇ ತಲೆಮಾರು ಅಥವಾ ಅದಕ್ಕಿಂತ ಹೊಸ ಪ್ರೊಸೆಸರ್. ಟಿಪಿಎಂ ಇಲ್ಲವೆಂದು ಎಷ್ಟೋ ಜನ ಹತಾಶರಾಗುತ್ತಾರೆ. ನನ್ನ ಲ್ಯಾಪ್‌ಟಾಪಿನಲ್ಲಿ ಅದು ಇಂಟೆಲ್ ಪಿಟಿಟಿ ಎಂಬ ಹೆಸರಿನಲ್ಲಿ ಬಯಾಸ್‌ನೊಳಗೆ, ಅಂದರೆ ಯಂತ್ರ ಶುರುವಾಗುವಾಗಿನ ಮೂಲ ಸೆಟ್ಟಿಂಗ್‌ಗಳಲ್ಲಿ, ಆಫ್ ಆಗಿ ಕುಳಿತಿತ್ತು, ಆನ್ ಮಾಡಿದ ಕೂಡಲೇ ಆ ಷರತ್ತು ಪೂರೈಸಿತು. ಬದಲಿಸಲಾಗದೆ ಉಳಿದದ್ದು ಪ್ರೊಸೆಸರ್ ಮಾತ್ರ. ಅದಕ್ಕೊಂದು ತಾಂತ್ರಿಕ ಹಿನ್ನೆಲೆಯೂ ಇದೆ: ಮೆಮೊರಿ ಇಂಟೆಗ್ರಿಟಿ ಎಂಬ ರಕ್ಷಣೆಗೆ ಬೇಕಾದ ಒಂದು ಸಾಮರ್ಥ್ಯ ಏಳನೇ ತಲೆಮಾರಿನಿಂದ ಈಚಿನ ಇಂಟೆಲ್ ಚಿಪ್‌ಗಳಲ್ಲಿ ಹಾರ್ಡ್‌ವೇರ್ ರೂಪದಲ್ಲೇ ಇದ್ದು, ಅದಕ್ಕಿಂತ ಹಳೆಯವುಗಳಲ್ಲಿ ಆ ಕೆಲಸವನ್ನು ಸಾಫ್ಟ್‌ವೇರ್ ಅನುಕರಿಸಬೇಕಾಗುವುದರಿಂದ ವೇಗ ಕುಗ್ಗುತ್ತದೆ. ಏಳನೇ ತಲೆಮಾರಿನ ಬಹುಪಾಲು ಚಿಪ್‌ಗಳನ್ನೂ ಏಕೆ ಹೊರಗಿಟ್ಟರು ಎಂಬುದಕ್ಕೆ ಮಾತ್ರ ಈ ವಿವರಣೆ ಸಾಲದು.

ರೂಫಸ್ ಎಂಬ ಉಚಿತ ತಂತ್ರಾಂಶದಿಂದ ಯುಎಸ್‌ಬಿ ಡ್ರೈವ್ ಸಿದ್ಧಪಡಿಸುವಾಗಲೇ ಈ ತಪಾಸಣೆಗಳನ್ನು ತೆಗೆದುಹಾಕುವ ಆಯ್ಕೆ ಇದೆ. ಹಾಗೆ ಹಾಕಿದ ವಿಂಡೋಸ್ 11 ನನ್ನಲ್ಲಿ ಸ್ಥಿರವಾಗಿಯೇ ನಡೆಯಿತು. ಮೆಮೊರಿ ಇಂಟೆಗ್ರಿಟಿಯನ್ನು ಆನ್ ಮಾಡಿದರೆ ಯಂತ್ರ ಕೊಂಚ ಭಾರವಾದಂತೆ ಕಂಡಿತು, ಆಫ್ ಮಾಡಿದರೆ ಹಗುರವಾಯಿತು. ತಿಂಗಳ ಭದ್ರತಾ ಅಪ್‌ಡೇಟ್‌ಗಳೂ ಬಂದವು. ಆದರೆ ಪಟ್ಟಿಯಲ್ಲಿಲ್ಲದ ಯಂತ್ರಗಳಿಗೆ ಅಪ್‌ಡೇಟ್ ಪಡೆಯುವ ಹಕ್ಕಿಲ್ಲವೆಂದು ಮೈಕ್ರೋಸಾಫ್ಟ್ ಸ್ಪಷ್ಟವಾಗಿಯೇ ಹೇಳಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿ ಇಂಥ ಯಂತ್ರಕ್ಕೆ ಸಾಮಾನ್ಯವಾಗಿ ತಾನಾಗಿ ಬರುವುದಿಲ್ಲ. ಹೋಮ್ ಮತ್ತು ಪ್ರೊ ಬಳಕೆದಾರರಿಗೆ ಪ್ರತಿ ಆವೃತ್ತಿಯ ಆಯುಷ್ಯ 24 ತಿಂಗಳಾದ್ದರಿಂದ, ಕನಿಷ್ಠ ಎರಡು ವರ್ಷಕ್ಕೊಮ್ಮೆ ಇದೇ ಕಸರತ್ತನ್ನು ಕೈಯಾರೆ ಮಾಡಬೇಕು. ಅದರ ಮೇಲೆ, 24ಎಚ್2 ಆವೃತ್ತಿಯಿಂದ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಎಂಬ ಪ್ರೊಸೆಸರ್ ಸೂಚನೆಗಳಿಲ್ಲದ, ಕೋರ್ 2 ಡುಯೊ ಕಾಲದ ಚಿಪ್‌ಗಳಲ್ಲಿ ವಿಂಡೋಸ್ 11 ಬೂಟ್ ಆಗುವುದೇ ಇಲ್ಲ. ತಾವೇ ದುರಸ್ತಿ ಮಾಡಿಕೊಳ್ಳಬಲ್ಲವರಿಗೆ ಇದು ಅಡ್ಡಿಯಲ್ಲ. ಊರಿನಲ್ಲಿರುವ ಹಿರಿಯರ ಕಂಪ್ಯೂಟರಿಗೆ ಮಾತ್ರ ನಾನು ಇದನ್ನು ಹಾಕಿಕೊಡಲಾರೆ.

ಲಿನಕ್ಸ್‌ನ ಹಲವು ರೂಪಗಳಲ್ಲಿ ನಾನು ಆರಿಸಿಕೊಂಡದ್ದು ಮಿಂಟ್. ಲಿನಕ್ಸ್ ಮಿಂಟ್ 22ರ ಸರಣಿ ಉಬುಂಟು ಎಂಬ ಇನ್ನೊಂದು ಲಿನಕ್ಸ್ ರೂಪದ 24.04 ಆವೃತ್ತಿಯ ಮೇಲೆ ನಿಂತಿದ್ದು, ಅದಕ್ಕೆ 2029ರವರೆಗೆ ಬೆಂಬಲವಿದೆ. 8 ಜಿಬಿ ರ‍್ಯಾಮ್ ಇದ್ದರೆ ಸಿನಮನ್, 4 ಜಿಬಿಯಾದರೆ ಎಕ್ಸ್‌ಎಫ್‌ಸಿಇ ಆವೃತ್ತಿ ಸೂಕ್ತ. ಇದರ ದೊಡ್ಡ ಅನುಕೂಲವೆಂದರೆ ಡಿಸ್ಕನ್ನು ಮುಟ್ಟದೆ, ಯುಎಸ್‌ಬಿಯಿಂದಲೇ ನಡೆಸಿ ವೈಫೈ, ಧ್ವನಿ, ಕ್ಯಾಮೆರಾ ಎಲ್ಲವನ್ನೂ ಪರೀಕ್ಷಿಸಬಹುದು. ನನ್ನ ಯಂತ್ರದಲ್ಲಿ ಬೆರಳಚ್ಚು ಓದುವ ಸಾಧನವೊಂದನ್ನು ಬಿಟ್ಟು ಉಳಿದೆಲ್ಲವೂ ಮೊದಲ ಬಾರಿಗೇ ನಡೆದವು.

ಕನ್ನಡ ಬರೆಯುವವರಿಗೆ ಅಸಲಿ ಪರೀಕ್ಷೆ ಕೀಲಿಮಣೆಯಲ್ಲಿದೆ. ಲಿನಕ್ಸ್‌ನಲ್ಲಿ ಬೇರೆ ಬೇರೆ ಭಾಷೆಗಳಲ್ಲಿ ಟೈಪ್ ಮಾಡಲು ನೆರವಾಗುವ ಐಬಸ್ ಎಂಬ ತಂತ್ರಾಂಶದ ಜೊತೆಗೆ, ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಪೊಟ್ಟಣ ಹಾಕಿಕೊಂಡರೆ ಇನ್‌ಸ್ಕ್ರಿಪ್ಟ್ ಮತ್ತು ಲಿಪ್ಯಂತರ ವಿನ್ಯಾಸಗಳಷ್ಟೇ ಅಲ್ಲ, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಬೇಕಾದ ಕೆಜಿಪಿ ವಿನ್ಯಾಸವೂ ದೊರೆಯುತ್ತದೆ. ಒಂದು ವಾಕ್ಯ ಬರೆಯುವಷ್ಟರಲ್ಲಿ ಪರಕೀಯತೆ ಮರೆತುಹೋಯಿತು. ತೊಡಕು ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್‌ಗಿಂತ ಹಿಂದಿನ ನುಡಿ ಫಾಂಟ್‌ಗಳಲ್ಲಿ ಟೈಪ್ ಮಾಡಿಟ್ಟ ದಾಖಲೆಗಳು ಆ ಫಾಂಟ್ ಇಲ್ಲದಿದ್ದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ತೆರೆದುಕೊಳ್ಳುತ್ತವೆ. ಫಾಂಟ್ ಕಡತವನ್ನು ನಕಲಿಸಿಕೊಂಡರೆ ಲಿಬ್ರೆ ಆಫೀಸಿನಲ್ಲಿ ಓದಬಹುದು, ತಿದ್ದಲು ಮಾತ್ರ ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದೇ ಮೇಲು. ವರ್ಡ್‌ನಲ್ಲಿ ಸಿದ್ಧವಾದ, ಕೋಷ್ಟಕಗಳಿರುವ ದಾಖಲೆಗಳ ಪುಟ ವಿನ್ಯಾಸ ಕೆಲವೊಮ್ಮೆ ಅಲುಗಾಡುತ್ತದೆ ಎಂಬುದನ್ನೂ ಹೇಳಲೇಬೇಕು.

ಆದ್ದರಿಂದ ನನ್ನ ಅಭಿಪ್ರಾಯದಲ್ಲಿ ಈ ಆಯ್ಕೆಯನ್ನು ನಿರ್ಧರಿಸಬೇಕಾದದ್ದು ಯಂತ್ರದ ವಯಸ್ಸಲ್ಲ, ಅದರಲ್ಲಿ ಬಿಡಲಾಗದ ತಂತ್ರಾಂಶ ಯಾವುದು ಎಂಬುದು. ಟ್ಯಾಲಿಯಲ್ಲಿ ಲೆಕ್ಕ ಬರೆಯುವ ಅಂಗಡಿ, ಹಳೆಯ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟುವ ಮುದ್ರಣಾಲಯ ವಿಂಡೋಸ್ ಬಿಟ್ಟು ಹೋಗುವಂತಿಲ್ಲ. ಅವರು ವಿಸ್ತರಿತ ಯೋಜನೆಯ ಅವಧಿಯನ್ನು ಬಳಸಿಕೊಂಡು ಹೊಸ ಯಂತ್ರಕ್ಕೆ ಹಣ ಕೂಡಿಸುವುದು ವಿವೇಕ. ಬ್ರೌಸರ್ ಮತ್ತು ಬರವಣಿಗೆಯಷ್ಟೇ ಸಾಕೆನ್ನುವವರಿಗೆ ಮಿಂಟ್ ಉಳಿದೆರಡಕ್ಕಿಂತ ಮೇಲು, ನನ್ನ ಲ್ಯಾಪ್‌ಟಾಪಿನಲ್ಲಿ ಈಗಿರುವುದೂ ಅದೇ. ಪ್ರಯೋಗಕ್ಕೆ ಇಳಿಯುವವರು ಕಡತಗಳ ನಕಲನ್ನು ಬೇರೆ ಡಿಸ್ಕಿನಲ್ಲಿಟ್ಟು, ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ ವಿಂಡೋಸ್‌ನ ಎನ್‌ಕ್ರಿಪ್ಷನ್ ಸೌಲಭ್ಯವಾದ ಬಿಟ್‌ಲಾಕರ್‌ನ ರಿಕವರಿ ಕೀಯನ್ನು ಬಯಾಸ್ ಮುಟ್ಟುವ ಮೊದಲೇ ಬರೆದಿಟ್ಟುಕೊಳ್ಳಬೇಕು. ವಿಂಡೋಸ್ 10ರ ಡಿಜಿಟಲ್ ಪರವಾನಗಿ ಯಂತ್ರದ ಹಾರ್ಡ್‌ವೇರ್‌ಗೆ ಜೋಡಿಸಿಕೊಂಡಿರುವುದರಿಂದ, ಮನಸ್ಸು ಬದಲಾದರೆ ಅದನ್ನೇ ಮತ್ತೆ ಹಾಕಿಕೊಳ್ಳಬಹುದು. ಮದರ್‌ಬೋರ್ಡ್ ಬದಲಾಗದಿದ್ದರೆ ಹೊಸ ಕೀ ಕೊಳ್ಳುವ ಅಗತ್ಯ ಬರುವುದಿಲ್ಲ.