ಹೊಳೆ ಬದಿಯ ದೇವಲೋಕ, ಬಾಕಿಮಾರು ಗದ್ದೆಯ ಮಹಿಷಾಸುರ

ಬೆಳಿಗ್ಗೆ ಆರೂವರೆಗೆ ನಲ್ಲಿ ತಿರುಗಿಸಿದರೆ ಬಿಸಿನೀರಿಲ್ಲ. ಜಗಲಿಯಲ್ಲಿ ಮುಂಡಾಸು ಕಟ್ಟಿಕೊಂಡು ನಿಂತಿದ್ದ ಹುಡುಗನಿಗೆ ಗೀಸರ್ ಕೆಟ್ಟಿದೆ ಎಂದೆ. ಅವನು ಕೈಮುಗಿದು, "ಅಮಾತ್ಯರೇ, ಉಷ್ಣೋದಕದ ವಾರ್ತೆಯನ್ನು ಈ ಕ್ಷಣವೇ ಒಡೆಯರ ಪಾದಕ್ಕೆ ಅರುಹುತ್ತೇನೆ" ಎಂದು ಹೇಳಿ ಗಿರಕಿ ಹೊಡೆದು ಹೋದ. ಯಕ್ಷಗಾನದ ಮಾತಿನಲ್ಲಿ ಇಂಗ್ಲಿಷ್ ಶಬ್ದ ನುಸುಳಬಾರದು ಎಂಬ ಕಟ್ಟುಪಾಡನ್ನು ಅಷ್ಟು ನಿಷ್ಠೆಯಿಂದ ಪಾಲಿಸಿದವನನ್ನು ಬೈಯುವುದಾದರೂ ಹೇಗೆ? ನೀರು ಬಿಸಿಯಾಗುವಾಗ ಏಳೂಕಾಲು. ಆಗ ನಾನು ದೇವೇಂದ್ರನ ಮಂತ್ರಿಯಾಗಿದ್ದೆ. ಎರಡು ರಾತ್ರಿಗೆ, ಇಬ್ಬರಿಗೆ, 46,000 ರೂಪಾಯಿ ಕೊಟ್ಟು ಪಡೆದ ಪದವಿ ಅದು.

ಉಡುಪಿಯಿಂದ ಅರ್ಧ ಗಂಟೆ ದೂರದಲ್ಲಿ, ಹೊಳೆ ಬದಿಯಲ್ಲಿರುವ ಆ ಯಕ್ಷಗಾನದ ಹೋಟೆಲಿನ ಹೆಸರು ಬೇಡ. ಅಲ್ಲಿ ಕಾಲಿಟ್ಟ ಕೂಡಲೇ ನೀವು ಪ್ರೇಕ್ಷಕರಲ್ಲ, ಪಾತ್ರ. ಕೋಣೆಯೇ ಅರಮನೆ, ಊಟದ ಮನೆಯೇ ರಂಗಸ್ಥಳ, ಪ್ರಸಂಗ 'ದೇವೀ ಮಹಾತ್ಮೆ'. ನನ್ನ ತಮ್ಮನಿಗೆ ರಕ್ಕಸರ ಕಡೆಯ ಚಾರಕನ ಪಾತ್ರ ಸಿಕ್ಕಿತು. ನಾವಿಬ್ಬರೂ ಚಿಕ್ಕಂದಿನಿಂದ ಆಟದ, ಅಂದರೆ ಯಕ್ಷಗಾನದ, ಹುಚ್ಚಿನವರು. ಹೋಗುವ ಮೂರು ವಾರ ಮೊದಲು, ಕಿನ್ನಿಗೋಳಿಯ ಕಡೆ ಒಂದು ಮನೆಯವರ ಹರಕೆಯ ಬಯಲಾಟದಲ್ಲಿ ಕಟೀಲು ಮೇಳದ ಇದೇ ಪ್ರಸಂಗವನ್ನು ನೋಡಿ ಬಂದಿದ್ದೆವು. ಹಾಗಾಗಿ ಹೋಲಿಕೆ ತಾನಾಗಿ ಹುಟ್ಟಿಕೊಂಡಿತು. ಬಯಲಾಟಕ್ಕೆ ನಮಗಿಬ್ಬರಿಗೆ ಆದ ಖರ್ಚು ಬಸ್ಸು, ರಿಕ್ಷಾ, ಚಹಾ, ಗೋಳಿಬಜೆ, ಚುರುಮುರಿ ಎಲ್ಲ ಸೇರಿ 640 ರೂಪಾಯಿ. ರಾತ್ರಿಯ ಊಟವನ್ನು ಹರಕೆ ಹೊತ್ತ ಮನೆಯವರೇ ಬಡಿಸಿದರು.

ಇಂಥ ಸಾಹಸ ಕರಾವಳಿಯಲ್ಲಿ ಹೊಸದಿರಬಹುದು, ಲೋಕಕ್ಕೆ ಹೊಸದಲ್ಲ. ಅಮೆರಿಕದ ಫ್ಲಾರಿಡಾದಲ್ಲಿ ಡಿಸ್ನಿಯವರು 2022ರ ಮಾರ್ಚ್ 1ರಂದು 'ಸ್ಟಾರ್ ವಾರ್ಸ್' ಅಭಿಮಾನಿಗಳಿಗಾಗಿ 'ಗ್ಯಾಲಕ್ಟಿಕ್ ಸ್ಟಾರ್‌ಕ್ರೂಸರ್' ಎಂಬ ಹೋಟೆಲ್ ತೆರೆದರು. ನೂರು ಕೋಣೆ, ಎರಡು ರಾತ್ರಿ. ಒಳಗೆ ಹೋದವರು ಬಾಹ್ಯಾಕಾಶದ ನೌಕೆಯಲ್ಲಿದ್ದಂತೆ. ಕಿಟಕಿಯ ಜಾಗದಲ್ಲಿ ಪರದೆ, ಅದರಲ್ಲಿ ನಕ್ಷತ್ರಗಳು. ಬೆಳಕಿನ ಕತ್ತಿ ಬೀಸುವ ತರಬೇತಿ, ಮೊಬೈಲಿಗೆ ಬರುವ ಗುಪ್ತ ಆದೇಶಗಳು, ಊಟ, ಪಕ್ಕದ ಉದ್ಯಾನದ ಪ್ರವೇಶ ಎಲ್ಲ ಒಳಗೊಂಡು ಇಬ್ಬರಿಗೆ ಸುಮಾರು 4,800 ಡಾಲರ್‌ನಿಂದ ಶುರು. ಅಂದಿನ ಲೆಕ್ಕದಲ್ಲಿ ಮೂರೂವರೆ ಲಕ್ಷ ರೂಪಾಯಿಗೂ ಮೇಲೆ. ಹೋಗಿ ಬಂದವರಲ್ಲಿ ಅನೇಕರು ಬಾಯಿತುಂಬ ಹೊಗಳಿದರು. ಆದರೂ 2023ರ ಸೆಪ್ಟೆಂಬರ್ ಕೊನೆಗೆ ಅದು ಮುಚ್ಚಿತು, ಎರಡು ವರ್ಷವೂ ತುಂಬಲಿಲ್ಲ. ಹೊಗಳಿಕೆ ಇದ್ದೂ ಅಂಗಡಿ ಮುಚ್ಚಿದ್ದು ಏಕೆ ಎಂಬುದು ಹೊಳೆ ಬದಿಯಲ್ಲಿ ಎರಡು ದಿನ ಮಂತ್ರಿಯಾಗಿದ್ದ ಮೇಲೆ ನನಗೆ ಸ್ವಲ್ಪ ಅರ್ಥವಾದಂತಿದೆ.

ಮೊದಲು ಹೋಟೆಲಿನವರು ಗೆದ್ದಲ್ಲಿ ಗೆದ್ದರು ಎಂದುಬಿಡುತ್ತೇನೆ. ಚೌಕಿ, ಅಂದರೆ ವೇಷ ಕಟ್ಟುವ ಜಾಗ. ಬಯಲಾಟದ ಚೌಕಿಯಲ್ಲಿ ನಾವು ಅಂಚಿನಲ್ಲಿ ನಿಂತು ಇಣುಕುವವರು. ಪೆಟ್ಟಿಗೆ ಹೊರುವವರು ಬಂದಾಗ ಸರಿಯಬೇಕು, ದೇವರ ಪೂಜೆಗೆ ಸರಿಯಬೇಕು, ಸುಮ್ಮನೆ ನಿಂತರೂ ಯಾರದೋ ಕಾಲಿಗೆ ಅಡ್ಡ. ಇಲ್ಲಿ ಹಾಗಲ್ಲ, ಬಣ್ಣದ ವೇಷ, ಅಂದರೆ ರಕ್ಕಸನ ವೇಷ, ಕಟ್ಟುವ ಕಲಾವಿದರ ಎದುರು ಮಣೆ ಹಾಕಿ ಕೂರಿಸಿದರು. ಅಕ್ಕಿಹಿಟ್ಟು, ಸುಣ್ಣ ಕಲಸಿದ ಪಾಕವನ್ನು ಕಡ್ಡಿಯ ತುದಿಯಲ್ಲಿ ತೆಗೆದು, ಕೆನ್ನೆಯ ಮೇಲೆ ಒಂದೊಂದೇ ಚುಟ್ಟಿ ಇಡುತ್ತಾ ಹೋದರು. ಒಂದು ಸಾಲು ಒಣಗುವ ತನಕ ತುಟಿ ಅಲುಗಿಸುವಂತಿಲ್ಲ. ಅದರ ಮೇಲೆ ಇನ್ನೊಂದು ಸಾಲು. ಮೂರು ಗಂಟೆ ಕಾಲ ಒಬ್ಬ ಮನುಷ್ಯನ ಮುಖ ಮುಳ್ಳುಮುಳ್ಳಾಗುತ್ತಾ ದೂರ ಸರಿಯುವುದನ್ನು ಮೊಳದ ಅಂತರದಲ್ಲಿ ನೋಡಿದೆ. ಮೊದಲ ಅರ್ಧ ಗಂಟೆ ಅವರು ಮಗಳ ಪರೀಕ್ಷೆಯ ಬಗ್ಗೆ ಮಾತನಾಡಿದ್ದರು. ಕೊನೆಗೆ ಕನ್ನಡಿಯಿಂದ ತಿರುಗಿ ನನ್ನನ್ನು ನೋಡಿದಾಗ, ಪರಿಚಯ ಇದ್ದೂ ನಾನು ಎದ್ದು ನಿಂತೆ. ನಲವತ್ತು ವರ್ಷ ಆಟ ನೋಡಿದವನಿಗೆ ಇದು ಹೊಸದು. 46,000ದಲ್ಲಿ ಅರ್ಧವನ್ನು ಈ ಮೂರು ಗಂಟೆಗೆ ಜಮೆ ಮಾಡಬಹುದು.

ಉಳಿದರ್ಧದ ಲೆಕ್ಕವೇ ತಾಳೆಯಾಗುವುದಿಲ್ಲ.

ಮಹಿಷನ ಪ್ರವೇಶವನ್ನೇ ತೆಗೆದುಕೊಳ್ಳಿ. ಬಯಲಾಟ ನಡೆದ ಬಾಕಿಮಾರು ಗದ್ದೆಯಲ್ಲಿ, ಅಂದರೆ ಮನೆಯೆದುರಿನ ಗದ್ದೆಯಲ್ಲಿ, ಗಂಟೆ ಒಂದು ದಾಟಿತ್ತು. ಚಳಿಗೆ ಬೈರಾಸು ಸುತ್ತಿಕೊಂಡು ಅರ್ಧ ಜನ ತೂಕಡಿಸುತ್ತಿದ್ದರು, ನಮ್ಮ ದೊಡ್ಡಮ್ಮ ಚಾಪೆಯಲ್ಲಿ ಪೂರ್ತಿಯಾಗಿಯೇ ನಿದ್ದೆಹೋಗಿದ್ದರು. ಇದ್ದಕ್ಕಿದ್ದಂತೆ ಚೆಂಡೆಯ ಪೆಟ್ಟು ಬದಲಾಯಿತು. ಬೆನ್ನ ಹಿಂದೆ, ರಂಗಸ್ಥಳದಿಂದ ಎಷ್ಟೋ ದೂರದಲ್ಲಿ, ಗದ್ದೆಯ ಹುಣಿಯ ಮೇಲೆ ಬೆಂಕಿ ಎದ್ದಿತು. ದೊಂದಿಗಳ ನಡುವೆ ಕೋಡು ಅಲ್ಲಾಡಿಸುತ್ತಾ, ಅಬ್ಬರಿಸುತ್ತಾ, ರಾಳದ ಪುಡಿ ಭುಗ್ಗೆಂದಾಗೆಲ್ಲ ಮುಖ ಒಮ್ಮೆ ಕಂಡು ಮಾಯವಾಗುತ್ತಾ ಮಹಿಷಾಸುರ ಜನರ ನಡುವಿನಿಂದಲೇ ಬಂದ. ಕುರ್ಚಿಗಳು ಉರುಳಿದವು. ಮಕ್ಕಳು ಅಮ್ಮಂದಿರ ಸೆರಗಿಗೆ. ಐವತ್ತು ದಾಟಿದ ತಮ್ಮ ನನ್ನ ತೋಳು ಹಿಡಿದುಕೊಂಡ. ನಮಗೆ ಯಾರೂ ಪಾತ್ರ ಹಂಚಿರಲಿಲ್ಲ, ಆದರೂ ಆ ಎರಡು ನಿಮಿಷ ನಾವೆಲ್ಲ ಓಡುವ ದೇವತೆಗಳೇ.

ಹೊಳೆ ಬದಿಯಲ್ಲಿ ಅದೇ ಮಹಿಷ ಊಟದ ಮನೆಯ ಗಾಜಿನ ಬಾಗಿಲು ತಳ್ಳಿಕೊಂಡು ಬಂದ. ಹೊಗೆ ಎದ್ದರೆ ಅಪಾಯದ ಗಂಟೆ ಬಾರಿಸುತ್ತದೆಂದು ದೊಂದಿಯ ತುದಿಯಲ್ಲಿ ಬ್ಯಾಟರಿಯ ದೀಪ. ಸಮಯ ರಾತ್ರಿ ಎಂಟೂ ಐವತ್ತು; ಒಂಬತ್ತೂವರೆಗೆ ಪಾಯಸ. ಮೊದಲೇ ಮೊಬೈಲಿಗೆ ಸಂದೇಶ ಬಂದಿತ್ತು: ಮಹಿಷನು ಬರುತ್ತಿದ್ದಾನೆ, ಅಮಾತ್ಯರು ಎಡಗಡೆಯ ಕಂಬದ ಬಳಿ ನಿಲ್ಲಬೇಕು. ನಿಂತೆ. ಅವನು ಬಂದು ಕೇಳಿದ ಪ್ರಶ್ನೆಗೆ ನನಗೆ ಎರಡು ಉತ್ತರಗಳನ್ನು ಕೊಟ್ಟಿದ್ದರು, ಒಂದನ್ನು ಆರಿಸಬೇಕು. ನಾನು ಹುಮ್ಮಸ್ಸಿನಲ್ಲಿ ಮೂರನೆಯದೊಂದನ್ನು ಹೇಳಿದೆ. ಮೂರು ಗಂಟೆ ಮೊದಲು ನನ್ನೊಡನೆ ಹರಟಿದ್ದ ಆ ಕಲಾವಿದರ ಕಣ್ಣಲ್ಲಿ ಒಂದು ಮಿಂಚು ಹೊಳೆಯಿತು. ಅವರು ಅದಕ್ಕೆ ಎಂಥ ಉತ್ತರವನ್ನೂ ಕೊಡಬಲ್ಲವರು. ಅಷ್ಟರಲ್ಲಿ ಧ್ವನಿವರ್ಧಕದಲ್ಲಿ ಮುಂದಿನ ಪದ್ಯ ಶುರುವಾಯಿತು. ಧ್ವನಿಮುದ್ರಿತ ಭಾಗವತಿಕೆ, ಅಂದರೆ ಹಾಡುಗಾರಿಕೆ; ಅದು ಕಾಯುವುದಿಲ್ಲ.

ಅದೇ ಪ್ರಸಂಗವನ್ನು ನೂರು ಸಲ ಹೇಗೆ ನೋಡುತ್ತೀರಿ ಎಂದು ಬೆಂಗಳೂರಿನ ಗೆಳೆಯರು ನಮ್ಮನ್ನು ಕೇಳುವುದುಂಟು. ಕಥೆಗಾಗಿ ಹೋಗುವವರು ಯಾರು? ಪದ್ಯ ಅದೇ, ಅರ್ಥ, ಅಂದರೆ ಕಲಾವಿದರು ಅಲ್ಲೇ ಕಟ್ಟಿ ಆಡುವ ಮಾತು, ಪ್ರತಿ ರಾತ್ರಿ ಬೇರೆ. ಈ ಮಹಿಷ ತಾಯಿ ಮಾಲಿನಿಯ ಎದುರು ಎಷ್ಟು ಹೊತ್ತು ನಿಂತಾನು, ಇಂದಿನ ಭಾಗವತರು ಏರು ಪದ್ಯವನ್ನು ಎಲ್ಲಿಗೆ ಒಯ್ದಾರು, ಎದುರಾಳಿ ಎಸೆದ ಕೊಂಕು ಮಾತನ್ನು ದೇವಿ ಪಾತ್ರಧಾರಿ ಹೇಗೆ ಹಿಂತಿರುಗಿಸಿಯಾರು? ಇದು ಆಡುವವರಿಗೂ ಗೊತ್ತಿಲ್ಲ, ಅದಕ್ಕೇ ನಾವು ಹೋಗುವುದು. ಹೋಟೆಲಿನಲ್ಲಿ ನನಗೆ ಪಾತ್ರ ಕೊಟ್ಟರು, ಬದಲಿಗೆ ಕಲಾವಿದರಿಂದ ಅರ್ಥವನ್ನು ಕಸಿದುಕೊಂಡರು. ಇಪ್ಪತ್ತು ಅತಿಥಿಗಳ ದಾರಿ ಒಂದಕ್ಕೊಂದು ಸಿಕ್ಕಿಕೊಳ್ಳದಂತೆ ನೋಡಿಕೊಳ್ಳಬೇಕಲ್ಲ, ಬೇರೆ ಉಪಾಯವಿರಲಿಲ್ಲವೋ ಏನೋ.

ಇನ್ನೊಂದು ಕೊರತೆಯನ್ನು ಹೇಳಿದರೆ ನಗಬಾರದು: ಅಲ್ಲಿ ನಿದ್ದೆ ಮಾಡುವ ಸ್ವಾತಂತ್ರ್ಯವಿಲ್ಲ. ಮೃದುವಾದ ಹಾಸಿಗೆಯಿದೆ, ನಿಜ. ಆದರೆ ಮಧ್ಯಾಹ್ನ ಒರಗಿದರೆ ಅಮೃತ ಕಲಶ ಹುಡುಕಲು ಕರೆ, ಸಂಜೆ ಚಹಾಕ್ಕೆ ಕೂತರೆ ನಾರದರ ಆಗಮನ. ಬಯಲಾಟದಲ್ಲಿ ಬೇಕಾದಾಗ ಮಲಗಿ, ಚೆಂಡೆ ಜೋರಾದಾಗ ಎದ್ದು, ಬೇಸರವಾದರೆ ಚುರುಮುರಿ ಗಾಡಿಯ ಬಳಿ ಹೋಗಿ, ಅಲ್ಲಿ ಸಿಕ್ಕ ಹಳೆಯ ಸಹಪಾಠಿಯೊಡನೆ ಜಾಗದ ತಕರಾರು ಮಾತನಾಡಿ, ದೇವಿಯ ರೂಪವಾದ ಕೌಶಿಕೆ ಉಯ್ಯಾಲೆ ಏರುವ ಹೊತ್ತಿಗೆ ಸರಿಯಾಗಿ ಮರಳಿ ಬರಬಹುದು.

ಮಳೆಗಾಲದಲ್ಲಿ ಮಾತ್ರ ಹೋಟೆಲಿಗೆ ಎದುರಾಳಿ ಕಡಿಮೆ. ಮೇ ಕೊನೆಯ ಭಾಗದಲ್ಲಿ ಬರುವ ಪತ್ತನಾಜೆಯ ದಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ತಿರುಗಾಟ ಮತ್ತೆ ಶುರುವಾಗುವ ತನಕ ಗದ್ದೆಯಲ್ಲಿ ಆಟವಿಲ್ಲ, ನೀರಿದೆ. ಆಗಲೂ ಚಿಕ್ಕಮೇಳದವರು ಸಂಜೆ ಮನೆ ಬಾಗಿಲಿಗೆ ಬಂದು, ಚಾವಡಿಯಲ್ಲಿ ಎರಡು ವೇಷ ಕುಣಿಸಿ, ಅಕ್ಕಿ, ತೆಂಗಿನಕಾಯಿ, ಕಾಣಿಕೆ ಪಡೆದು ಪಕ್ಕದ ಮನೆಗೆ ಹೋಗುತ್ತಾರೆ. ಸೋಫಾದ ಪಕ್ಕದಲ್ಲಿ ಗೆಜ್ಜೆ ಕುಣಿದ ಮೇಲೆ ಇನ್ನು ಬೇರೆ ಕೋಣೆ ಯಾಕೆ?

ಕೇವಲ ಹಳೆಯ ಮನೆಯೊಳಗೆ ಇರುವ ಸುಖ ಸಾಕು ಎನ್ನುವವರಿಗೆ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಇದೆ. ವಿಜಯನಾಥ ಶೆಣೈ ಅವರು ಎಲ್ಲೆಲ್ಲಿಂದಲೋ ಬಿಚ್ಚಿ ತಂದು ಮತ್ತೆ ಜೋಡಿಸಿದ ಮನೆಗಳು. ಕುಂಜೂರು ಚೌಕಿಮನೆಯ ಅಂಗಳದಲ್ಲಿ ಬಿದ್ದ ಬಿಸಿಲೇ ಸಾಕು. ಅಲ್ಲಿ ಯಾರೂ ನನ್ನನ್ನು ಯಜಮಾನನೆಂದು ಕರೆಯಲಿಲ್ಲ. ಹಾಗಾಗಿಯೇ ಕಂಬ ಮುಟ್ಟಿದಾಗ ಯಜಮಾನನೆನಿಸಿತು.

ಅಭಿಮಾನಿಗಳು ಹೊಳೆ ಬದಿಯಂಥ ಹೋಟೆಲನ್ನು ಒಪ್ಪಿಕೊಳ್ಳುತ್ತಾರೆಯೇ ಎಂದರೆ, ಒಮ್ಮೆ ಒಪ್ಪಿಕೊಳ್ಳುತ್ತಾರೆ. ನಮ್ಮಂಥ ಹುಚ್ಚರು, ದುಬೈಯಿಂದ ರಜೆಯಲ್ಲಿ ಬಂದವರು, ಮಗನ ಮದುವೆಗೆ ಉಡುಗೊರೆ ಕೊಡುವವರು. ಆ ಸಾಲು ಮುಗಿದ ಮೇಲೆ? ಅಲ್ಲಿ ಸಿಕ್ಕ ಸುರತ್ಕಲ್ಲಿನ ದಂಪತಿ ಬಿಟ್ಟರೆ ಉಳಿದವರಾರೂ ಇನ್ನೊಮ್ಮೆ ಬರುವ ಮಾತೆತ್ತಲಿಲ್ಲ. ಬೇಸರದಿಂದಲ್ಲ, ಮುಗಿಯಿತು ಎಂಬ ಭಾವದಿಂದ. ಕಿನ್ನಿಗೋಳಿಯಿಂದ ಬೆಳಕು ಹರಿಯುವಾಗ ಹೊರಟ ಜನರು ಮುಂದಿನ ಆಟ ಎಲ್ಲಿ ಎಂದು ಪರಸ್ಪರ ಕೇಳುತ್ತಿದ್ದರು. ಎದ್ದು ಕಣ್ಣುಜ್ಜಿದ ದೊಡ್ಡಮ್ಮ ಮಾತ್ರ, ರಕ್ತಬೀಜ ಸತ್ತನೇ ಎಂದು ಕೇಳಿದ್ದರು.

ಕಳೆದ ವಾರ ಹೊಳೆ ಬದಿಯಿಂದ ಕರೆ ಬಂತು. ಹಳೆಯ ಅತಿಥಿಗಳಿಗೆ ಶೇಕಡ 20 ರಿಯಾಯಿತಿ. ಪ್ರಸಂಗ ಬದಲಾಗಿದೆಯೇ ಎಂದು ಕೇಳಿದೆ. "ಇಲ್ಲ, ಸಾರ್. ಆದರೆ ಈ ಸಲ ನಿಮ್ಮ ತಮ್ಮನಿಗೆ ಸೇನಾಧಿಪತಿಯ ಪಾತ್ರ" ಎಂದಳು ಹುಡುಗಿ. ಎದುರು ಕೂತು ಪೇಪರ್ ಓದುತ್ತಿದ್ದ ತಮ್ಮನಿಗೆ ಹೇಳಿದೆ. ಪೇಪರ್ ಕೆಳಗಿಟ್ಟು, ಕಿರೀಟ ಕೊಡುತ್ತಾರಂತೆಯೋ ಎಂದು ಕೇಳಿದ.